ಬಟ್ಟೆ ಒಗೆಯುವ ಜಾಗಕ್ಕೆ ಕಡಿಮೆ ಖರ್ಚಿನಲ್ಲಿ ಹೊಸ ರೂಪ: ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನಮ್ಮ ಮನೆಯ ಹಿಂಬದಿಯಲ್ಲಿ ಆರು ಅಡಿ ಉದ್ದ, ಐದು ಅಡಿ ಅಗಲದ ಒಂದು ಜಾಗವಿದೆ. ಅಡುಗೆಮನೆಗೂ ಹಿತ್ತಲಿಗೂ ನಡುವೆ ಉಳಿದುಹೋದ ಚೂರು ಅದು. ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು, ಗೋಡೆಯ ತುಂಬ ಕಪ್ಪು ಬೂಷ್ಟು. ಮನೆಯ ಐದು ಜನರ ಬಟ್ಟೆ ದಿನವೂ ಅಲ್ಲೇ ಶುಚಿಯಾಗಬೇಕು. ಹಾಲಿಗೆ ಎರಡು ಸಲ ಬಣ್ಣ ಹೊಡೆಸಿದ ನಾವು ಈ ಜಾಗದ ಕಡೆಗೆ ಹನ್ನೆರಡು ವರ್ಷ ತಿರುಗಿಯೂ ನೋಡಿರಲಿಲ್ಲ. ಅಮ್ಮನ ಸೊಂಟನೋವು ಹೆಚ್ಚಾದ ಮೇಲೆ ನಮಗೆ ಕಣ್ಣು ತೆರೆಯಿತು. ಬಿಡುವು ಮಾಡಿಕೊಂಡು, ಹದಿನೇಳು ಸಾವಿರ ರೂಪಾಯಿಯಲ್ಲಿ ಅದನ್ನು ಸರಿಮಾಡಿಸಿದೆವು. ನೋಡಿದ ನೆಂಟರೂ ನೆರೆಯವರೂ ಕೇಳಿದ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಕೆಲಸವನ್ನು ಎಲ್ಲಿಂದ ಶುರುಮಾಡಬೇಕು? ಮೊದಲು ಬಣ್ಣ ಹೊಡೆಸಿಬಿಡಲೇ?

ಬಣ್ಣ ಕೊನೆಗೆ ಇರಲಿ. ಮೊದಲು ಒಂದು ಬಕೆಟ್ ನೀರನ್ನು ನೆಲಕ್ಕೆ ಸುರಿದು ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಗೆ ಓಡುತ್ತದೆ, ಹೊಸ್ತಿಲು ದಾಟಿ ಅಡುಗೆಮನೆಗೆ ನುಗ್ಗುತ್ತದೆಯೇ, ಎಲ್ಲವನ್ನೂ ಸೀಮೆಸುಣ್ಣದಲ್ಲಿ ಗುರುತುಹಾಕಿ. ಆಮೇಲೆ ಬಾಗಿಲು ಮುಚ್ಚಿ, ಒಂದು ಊದುಬತ್ತಿ ಹಚ್ಚಿಟ್ಟು ಹೊಗೆ ಯಾವ ಕಡೆ ಹೋಗುತ್ತದೆ ಎಂದು ನೋಡಿ. ಹೊಗೆ ಅಲ್ಲೇ ಸುತ್ತುತ್ತಿದ್ದರೆ ಆ ಕೋಣೆಗೆ ಉಸಿರಿಲ್ಲ ಎಂದು ಅರ್ಥ. ಈ ಎರಡು ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಆದರೂ ನಿಮ್ಮ ಹಣ ಎಲ್ಲಿಗೆ ಹೋಗಬೇಕೆಂದು ಅವು ನಿಖರವಾಗಿ ಹೇಳುತ್ತವೆ.

ನಮ್ಮ ಅನುಭವದಲ್ಲಿ ಮೊದಲು ನೀರು ಹೊರಗೆ ಹೋಗಬೇಕು, ಆಮೇಲೆ ಗಾಳಿ ಆಡಬೇಕು, ಮೂರನೆಯದಾಗಿ ವಿದ್ಯುತ್ ಸುರಕ್ಷಿತವಾಗಬೇಕು. ಹಲಗೆ, ಬುಟ್ಟಿ, ಬಣ್ಣ ಇವೆಲ್ಲ ಅದರ ನಂತರ. ಈ ಸರದಿ ತಪ್ಪಿಸಿದವರ ಹೊಸ ಬಣ್ಣ ಮೊದಲ ಮಳೆಗಾಲದಲ್ಲೇ ಸಿಪ್ಪೆಯಂತೆ ಏಳುವುದನ್ನು ನೋಡಿದ್ದೇನೆ.

ಹದಿನೇಳು ಸಾವಿರ ಹೇಗೆ ಖರ್ಚಾಯಿತು?

ನೆಲ ಅಗೆದು ಇಳಿಜಾರು ಕೊಟ್ಟ ಗಾರೆ ಕೆಲಸಕ್ಕೆ ಸಾಮಗ್ರಿ, ಕೂಲಿ ಸೇರಿ 5,200 ರೂಪಾಯಿ. ವಿದ್ಯುತ್ತಿನ ಪ್ರತ್ಯೇಕ ಲೈನು ಮತ್ತು ಅರ್ಥಿಂಗ್‌ಗೆ 3,400. ಗೋಡೆಯ ಟೈಲ್ಸ್‌ಗೆ 2,300. ಬಟ್ಟೆ ಹರವಿ ಮೇಲೇರಿಸುವ ಗಳಕ್ಕೆ 1,600. ಗಾಳಿ ಹೊರಹಾಕುವ ಫ್ಯಾನಿಗೆ 1,500. ನಲ್ಲಿ, ಪೈಪು, ಜಾಲರಿಗೆ 1,300. ಹಲಗೆಗಳಿಗೆ 1,100. ಸುಣ್ಣ ಮತ್ತು ಕುಂಚಕ್ಕೆ 600. ವಾಷಿಂಗ್ ಮೆಷಿನ್ ಮೊದಲೇ ಇತ್ತು. ನಿಮ್ಮ ಊರಿನ ಕೂಲಿ, ನಿಮ್ಮ ನೆಲದ ಸ್ಥಿತಿ ಬೇರೆ ಇರಬಹುದು. ಆದರೆ ನಮ್ಮ ಹಣದ ಅರ್ಧಕ್ಕಿಂತ ಹೆಚ್ಚು ಭಾಗ ಕಣ್ಣಿಗೆ ಕಾಣದ ಕೆಲಸಗಳಿಗೆ, ಅಂದರೆ ನೆಲದ ಇಳಿಜಾರು ಮತ್ತು ವಿದ್ಯುತ್ತಿಗೆ ಹೋಯಿತು ಎಂಬುದನ್ನು ಗಮನಿಸಿ. ಅಲ್ಲಿ ಕೈ ಬಿಗಿಹಿಡಿಯಬೇಡಿ.

ಟೈಲ್ಸ್‌ನಲ್ಲಿ ಉಳಿಸಬಹುದು. ದೊಡ್ಡ ಮನೆಗಳ ಕೆಲಸ ಮುಗಿದ ಮೇಲೆ ಉಳಿದ ಒಂದೆರಡು ಪೆಟ್ಟಿಗೆಗಳನ್ನು ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತಾರೆ. ನಮ್ಮ ಲೆಕ್ಕ ಹೀಗಿತ್ತು: ಕೋಣೆಯ ಸುತ್ತಳತೆ 22 ಅಡಿ, ಬಾಗಿಲಿನ ಎರಡೂವರೆ ಅಡಿ ಕಳೆದರೆ ಹತ್ತೊಂಬತ್ತೂವರೆ. ನಾಲ್ಕು ಅಡಿ ಎತ್ತರಕ್ಕೆ 78 ಚದರ ಅಡಿ. ಎರಡು ಅಡಿಗೆ ಒಂದು ಅಡಿಯ ಟೈಲ್ಸ್ ಆದರೆ 39, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನಾಲ್ಕು ಹೆಚ್ಚು, ಒಟ್ಟು 43. ಚಾವಣಿಯವರೆಗೆ ಹಾಕಿಸುವ ಅಗತ್ಯವಿಲ್ಲ, ಒಗೆಯುವಾಗ ನೀರು ಸಿಡಿಯುವುದು ಬಹುತೇಕ ನಾಲ್ಕು ಅಡಿಯೊಳಗೇ.

ಮೆಷಿನ್ ಬಂದಿದೆ, ಒಗೆಯುವ ಕಲ್ಲು ತೆಗೆಸೋಣ ಎಂದರೆ ಅತ್ತೆಯವರು ಒಪ್ಪುತ್ತಿಲ್ಲ. ಏನು ಮಾಡಲಿ?

ನಾನು ನಿಮ್ಮ ಅತ್ತೆಯವರ ಕಡೆ. ಕಾಲುಚೀಲದ ಹಿಮ್ಮಡಿ, ಅಂಗಿಯ ಕೊರಳು, ಮಕ್ಕಳ ಸಮವಸ್ತ್ರದ ತೋಳು, ಕಾಲೊರಸು, ಅಡುಗೆಮನೆಯ ಮಸಿಬಟ್ಟೆ, ಇವುಗಳಿಗೆ ಕಲ್ಲಿನ ಮೇಲಿನ ನಾಲ್ಕು ಉಜ್ಜಿಗೆ ಸಾಟಿಯಿಲ್ಲ. ತೋಟದಿಂದ ಬಂದ ಕೆಸರಿನ ಪ್ಯಾಂಟನ್ನು ಹಾಗೆಯೇ ಮೆಷಿನ್ನಿಗೆ ಹಾಕಿದರೆ ಮಣ್ಣು ಅದರ ಹೊಟ್ಟೆಯಲ್ಲೇ ಉಳಿದು ಮುಂದಿನ ಬಟ್ಟೆಗೆ ಅಂಟುತ್ತದೆ. ಮೊದಲು ಕಲ್ಲಿನ ಮೇಲೆ ಒಮ್ಮೆ ಜಾಲಿಸಿಯೇ ಒಳಗೆ ಹಾಕಬೇಕು.

ಆದರೆ ಕಲ್ಲಿನ ಎತ್ತರದ ಬಗ್ಗೆ ಗಟ್ಟಿಯಾಗಿ ಮಾತನಾಡಬೇಕಿದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಕಲ್ಲು ಮೊಳಕಾಲಿಗಿಂತ ತುಸು ಮೇಲಿರುತ್ತದೆ. ಮುಕ್ಕಾಲು ಗಂಟೆ ಬೆನ್ನು ಬಗ್ಗಿಸಿ ನಿಂತು ಒಗೆಯುವವರ ಸೊಂಟ ಏನಾಗಬೇಡ? ಮನೆ ಕಟ್ಟುವಾಗ ಮೇಸ್ತ್ರಿ ತನಗೆ ತೋಚಿದ ಎತ್ತರಕ್ಕೆ ಕೂರಿಸುತ್ತಾನೆ, ಒಗೆಯುವವರನ್ನು ಕರೆದು ನಿಲ್ಲಿಸಿ ಯಾರೂ ಅಳತೆ ತೆಗೆಯುವುದಿಲ್ಲ. ನೀವು ತೆಗೆಯಿರಿ. ಒಗೆಯುವವರು ನೇರವಾಗಿ ನಿಂತು ಮೊಣಕೈ ಮಡಚಲಿ. ಮೊಣಕೈಯಿಂದ ಒಂದು ಗೇಣು ಕೆಳಗೆ ಕಲ್ಲಿನ ಮೇಲ್ಮೈ ಬರಬೇಕು. ನಮ್ಮ ಅಮ್ಮನ ಲೆಕ್ಕಕ್ಕೆ ಅದು ಎರಡೂವರೆ ಅಡಿಯ ಆಸುಪಾಸು ಆಯಿತು. ಹಳೆಯ ಕಲ್ಲನ್ನೇ ಎಬ್ಬಿಸಿ, ಕೆಳಗೆ ಎರಡು ಸಾಲು ಸಿಮೆಂಟ್ ಇಟ್ಟಿಗೆ ಏರಿಸಿ ಮತ್ತೆ ಕೂರಿಸಿದರು. ಅರ್ಧ ದಿನದ ಕೆಲಸ. ಕಲ್ಲಿನ ಪಕ್ಕ ಅದೇ ಎತ್ತರಕ್ಕೆ ಒಂದು ಕಡಪ ಕಲ್ಲಿನ ತುಂಡು ಕೂರಿಸಿ ಬಕೆಟ್ ಇಡಲು ಜಾಗ ಮಾಡಿಸಿ. ನೆನೆದ ಬಟ್ಟೆಯ ಬಕೆಟ್ಟನ್ನು ನೆಲದಿಂದ ಎತ್ತುವುದೇ ಒಗೆಯುವುದಕ್ಕಿಂತ ದೊಡ್ಡ ಶ್ರಮ.

ನೆಲಕ್ಕೆ ಎಷ್ಟು ಇಳಿಜಾರು ಬೇಕು?

ಆರು ಅಡಿ ಉದ್ದಕ್ಕೆ ಸುಮಾರು ಒಂದು ಅಂಗುಲ. ಕೆಲಸ ಒಪ್ಪಿಕೊಳ್ಳುವ ಮುನ್ನ ಮೇಸ್ತ್ರಿಯ ಎದುರಿಗೇ ನೀರು ಸುರಿದು ನೋಡಿ, ಗಾರೆ ಹಸಿಯಾಗಿರುವಾಗ ತಿದ್ದುವುದು ಸುಲಭ. ನೆಲಕ್ಕೆ ನುಣುಪಾದ ಟೈಲ್ಸ್ ಬೇಡ, ಸೋಪಿನ ನೀರಿಗೆ ಜಾರುತ್ತದೆ. ಒರಟು ಮೈಯ ಟೈಲ್ಸ್ ಇಲ್ಲವೇ ಒರಟಾಗಿ ಕೆತ್ತಿದ ಕಲ್ಲುಚಪ್ಪಡಿ ಸಾಕು.

ನೀರು ಹೋಗುವ ತೂತಿಗೆ ಬರೀ ಜಾಲರಿ ಮುಚ್ಚಿದರೆ ಜಿರಳೆಯೂ ದುರ್ವಾಸನೆಯೂ ಮೇಲೆ ಬರುತ್ತವೆ. ಕೆಳಗೆ ನೀರು ನಿಲ್ಲುವ ಬಾಗಿನ ಭಾಗ ಇರಲೇಬೇಕು, ಪ್ಲಂಬರ್‌ಗಳು ಅದನ್ನು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅಲ್ಲಿ ನಿಂತ ನೀರೇ ಮುಚ್ಚಳ. ಹದಿನೈದು ದಿನ ಊರಿಗೆ ಹೋಗಿ ಬಂದಾಗ ವಾಸನೆ ಬಂದರೆ ಗಾಬರಿ ಬೇಡ, ಆ ನೀರು ಆರಿಹೋಗಿರುತ್ತದೆ. ಎರಡು ಚೊಂಬು ಸುರಿಯಿರಿ.

ಗೋಡೆಯ ಬೂಷ್ಟು ಪ್ರತಿ ವರ್ಷ ಬರುತ್ತದೆ. ದುಬಾರಿ ಬಣ್ಣ ಹೊಡೆಸಿದರೂ ನಿಲ್ಲಲಿಲ್ಲ. ಉಪಾಯವಿದೆಯೇ?

ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ತಿಳಿಯಬೇಕು. ಚೌಕಾಕಾರದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಒತ್ತಿ ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಎರಡು ದಿನದ ನಂತರ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ, ಪೈಪು ಸೋರುತ್ತಿರಬಹುದು ಅಥವಾ ಹೊರಗೋಡೆ ಮಳೆ ಹೀರುತ್ತಿರಬಹುದು. ಹೊರಮೈಯಲ್ಲಿ ಹನಿ ಕಂಡರೆ ಕೋಣೆಯ ಗಾಳಿಯಲ್ಲೇ ತೇವವಿದೆ. ಮೊದಲನೆಯದಕ್ಕೆ ಹೊರಗಿನ ರಿಪೇರಿ, ಎರಡನೆಯದಕ್ಕೆ ಫ್ಯಾನು. ಒಳಗಿನ ತೇವದ ಮೇಲೆ ನೀರು ಬಿಡದ ಬಣ್ಣ ಬಳಿದರೆ ನೀರು ಹೊರಬರಲಾರದೆ ಬಣ್ಣವನ್ನೇ ಗುಳ್ಳೆಯಾಗಿ ಎಬ್ಬಿಸುತ್ತದೆ. ನಿಮ್ಮ ದುಬಾರಿ ಬಣ್ಣಕ್ಕೆ ಆದದ್ದು ಬಹುಶಃ ಇದೇ.

ಹಳೆಯ ಮನೆಗಳವರು ಬಚ್ಚಲಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದುದು ಸುಮ್ಮನೆ ಅಲ್ಲ. ಸುಣ್ಣದ ಕ್ಷಾರಗುಣದಲ್ಲಿ ಬೂಷ್ಟು ಬೆಳೆಯುವುದು ಕಷ್ಟ, ಗೋಡೆಯೂ ಉಸಿರಾಡುತ್ತದೆ. ಟೈಲ್ಸ್‌ನ ಮೇಲಿನ ಭಾಗಕ್ಕೆ ನಾವು ಬಳಿದದ್ದು ಸುಣ್ಣವನ್ನೇ. ಆದರೆ ಹಳೆಯ ಬಣ್ಣವನ್ನು ಕೆರೆದು ಗಾರೆ ಕಾಣುವಂತೆ ಮಾಡದಿದ್ದರೆ ಸುಣ್ಣ ಹಿಡಿಯುವುದಿಲ್ಲ. ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿ, ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಕಣ್ಣಿಗೆ ಸಿಡಿಯದಂತೆ ಜೋಪಾನ.

ಈಗಿರುವ ಬೂಷ್ಟನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಬಹುದು, ಕೈಗವಸು ಹಾಕಿ, ಕಿಟಕಿ ತೆರೆದು. ಒಂದು ಮಾತನ್ನು ಮಾತ್ರ ಎಂದೂ ಮರೆಯಬೇಡಿ: ಬ್ಲೀಚನ್ನು ಬಚ್ಚಲು ತೊಳೆಯುವ ಆಸಿಡ್ಡಿನ ಜೊತೆ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಈ ಎರಡೂ ಬಾಟಲಿಗಳು ನಮ್ಮ ಮನೆಗಳಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ, ಅದೂ ಮಕ್ಕಳ ಕೈಗೆ ಎಟುಕುವಂತೆ. ಇವತ್ತೇ ಬೇರೆಬೇರೆ ಮಾಡಿ ಮೇಲಿಡಿ.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಹೇಗೆ? ನಾಲ್ಕು ದಿನವಾದರೂ ಮುಗ್ಗಲು ವಾಸನೆ ಹೋಗುವುದಿಲ್ಲ.

ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ. ಅರಸೀಕೆರೆ, ಕಡೂರಿನವರಿಗೆ ಈ ಕಷ್ಟ ಅಷ್ಟಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ದೊಡ್ಡ ಚಿಂತೆ. ಮೂಡಿಗೆರೆ ಕಡೆಯ ಅಜ್ಜಿಮನೆಯಲ್ಲಿ ಬಚ್ಚಲೊಲೆಯ ಮೇಲೆ ಅಡಿಕೆ ದಬ್ಬೆಯ ಅಟ್ಟ ಇತ್ತು. ಹಂಡೆ ಕಾಯುವ ಬಿಸಿಗೆ ಅದರ ಮೇಲೆ ಹರವಿದ ಬಟ್ಟೆ ಬೆಳಗಾಗುವುದರೊಳಗೆ ಗರಿಗರಿಯಾಗುತ್ತಿತ್ತು. ಜೊತೆಗೆ ಹೊಗೆಯ ವಾಸನೆಯೂ ಬರುತ್ತಿತ್ತು, ಶಾಲೆಯಲ್ಲಿ ನಮ್ಮೆಲ್ಲರ ಸಮವಸ್ತ್ರವೂ ಒಂದೇ ವಾಸನೆ. ಗ್ಯಾಸು, ಗೀಸರ್ ಬಂದ ಮೇಲೆ ಒಲೆ ಹೋಯಿತು, ಅಟ್ಟ ಹೋಯಿತು, ಬಟ್ಟೆ ಒಣಗಿಸುವ ಜಾಗಕ್ಕೆ ಬದಲಿಯನ್ನು ನಾವು ಯೋಚಿಸಲೇ ಇಲ್ಲ. ಒಲೆ ಈಗಲೂ ಇರುವ ಮನೆಯವರು ಅಟ್ಟವನ್ನು ಬಳಸಿ, ಆದರೆ ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳನ್ನು ಬೆಂಕಿಯ ನೇರಕ್ಕೆ ತೂಗಬೇಡಿ.

ಒಲೆಯಿಲ್ಲದ ಮನೆಯಲ್ಲಿ ಏನಾಗುತ್ತದೆ ನೋಡಿ. ಐದು ಕಿಲೋ ಒಣ ಬಟ್ಟೆಯನ್ನು ಒಗೆದು ಮೆಷಿನ್ನಿನಲ್ಲಿ ನಿಮಿಷಕ್ಕೆ 1,200 ಸುತ್ತಿನ ವೇಗದಲ್ಲಿ ಹಿಂಡಿದರೂ ಅದರ ತೂಕದ ಸುಮಾರು ಅರ್ಧದಷ್ಟು ನೀರು, ಅಂದರೆ ಎರಡೂವರೆ ಲೀಟರ್, ಬಟ್ಟೆಯಲ್ಲೇ ಉಳಿದಿರುತ್ತದೆ. ಕೈಯಲ್ಲಿ ಹಿಂಡಿದರೆ ಇನ್ನೂ ಹೆಚ್ಚು. ಆ ನೀರು ಆವಿಯಾಗಿ ಎಲ್ಲಿಗಾದರೂ ಹೋಗಲೇಬೇಕು. ಹೊರಗೆ ದಾರಿಯಿಲ್ಲದಿದ್ದರೆ ಗೋಡೆಗೆ, ಬೀರುವಿಗೆ, ಹಾಸಿಗೆಗೆ ಹೋಗುತ್ತದೆ.

ಆದ್ದರಿಂದ ಮೊದಲನೆಯದು, ಮಳೆಗಾಲದಲ್ಲಿ ಹಿಂಡುವುದನ್ನು ಎರಡನೆಯ ಸಲವೂ ಓಡಿಸಿ. ಎರಡನೆಯದು, ಚಾವಣಿಯ ಹತ್ತಿರ ಆರು ಅಂಗುಲದ ಗಾಳಿ ಹೊರಹಾಕುವ ಫ್ಯಾನು. ಮೂವತ್ತು ವ್ಯಾಟ್ ಆಸುಪಾಸಿನ ಫ್ಯಾನು ಎಂಟು ಗಂಟೆ ತಿರುಗಿದರೂ ಖರ್ಚು ಕಾಲು ಯೂನಿಟ್. ಇಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ಫ್ಯಾನು ಹಾಕಿ ಹಿತ್ತಲ ಕಿಟಕಿಯನ್ನೂ ತೆರೆದಿಡುತ್ತಾರೆ. ಆಗ ಹೊರಗಿನ ತಂಪು, ಒದ್ದೆ ಗಾಳಿಯೇ ಒಳಗೆ ಬಂದು ಮತ್ತೆ ಹೊರಗೆ ಹೋಗುತ್ತದೆ. ಮಳೆ ಹಿಡಿದ ದಿನ ಆ ಕಿಟಕಿ ಮುಚ್ಚಿ, ಅಡುಗೆಮನೆಯ ಕಡೆಯ ಬಾಗಿಲನ್ನು ನಾಲ್ಕು ಬೆರಳು ತೆರೆದಿಡಿ. ಮನೆಯೊಳಗಿನ ಬೆಚ್ಚನೆಯ ಗಾಳಿ ಬಟ್ಟೆಗಳ ನಡುವೆ ಹಾದು ತೇವವನ್ನು ಹೊತ್ತು ಹೊರಗೆ ಹೋಗುತ್ತದೆ. ನಮ್ಮಲ್ಲಿ ಎರಡು ದಿನ ಹಿಡಿಯುತ್ತಿದ್ದ ಪಂಚೆ ಈಗ ರಾತ್ರಿ ಹಾಕಿದರೆ ಮರುದಿನ ಮಧ್ಯಾಹ್ನಕ್ಕೆ ಒಣಗಿರುತ್ತದೆ.

ಮೂರನೆಯದು, ಬಟ್ಟೆಗಳನ್ನು ಮೇಲೇರಿಸಿ. ಹಗ್ಗ ಮತ್ತು ರಾಟೆಯಿಂದ ಕೆಳಗಿಳಿಸಿ, ಬಟ್ಟೆ ಹರವಿ, ಮತ್ತೆ ಚಾವಣಿಗೆ ಏರಿಸುವ ಗಳಗಳು ಅಂಗಡಿಯಲ್ಲಿ ಸಿಗುತ್ತವೆ. ಬಿಸಿ ಗಾಳಿ ಮೇಲೇ ಇರುವುದರಿಂದ ಬೇಗ ಒಣಗುತ್ತದೆ, ಕೆಳಗೆ ಓಡಾಡಲು ಜಾಗವೂ ಉಳಿಯುತ್ತದೆ, ಕೈ ಎತ್ತಿ ಎಗರುವ ಕಷ್ಟವೂ ಇಲ್ಲ. ಎರಡು ಬಟ್ಟೆಗಳ ನಡುವೆ ಮೂರು ಬೆರಳು ಅಂತರವಿರಲಿ. ದಪ್ಪ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಸೊಂಟದ ಕಡೆಯಿಂದ ತೂಗುಹಾಕಿ.

ಮೆಷಿನ್ನಿನಲ್ಲಿ ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಒಳ್ಳೆಯದೋ, ಮುಂದಿನಿಂದ ಹಾಕುವ ಫ್ರಂಟ್ ಲೋಡ್ ಒಳ್ಳೆಯದೋ?

ನೀರಿನ ಉಳಿತಾಯಕ್ಕೂ ಬಟ್ಟೆಯ ಬಾಳಿಕೆಗೂ ಫ್ರಂಟ್ ಲೋಡ್. ಬಗ್ಗಲಾಗದ ಹಿರಿಯರಿದ್ದರೆ ಟಾಪ್ ಲೋಡ್. ನಮ್ಮದು ಫ್ರಂಟ್ ಲೋಡ್, ಆದ್ದರಿಂದ ಅದನ್ನು ಒಂದು ಅಡಿ ಎತ್ತರದ ಗಟ್ಟಿ ಗಾರೆಕಟ್ಟೆಯ ಮೇಲೆ ಕೂರಿಸಿದೆವು. ಮರದ ಹಲಗೆಯ ಮೇಲೆ ಇಡಬೇಡಿ, ಹಿಂಡುವಾಗಿನ ಅದುರಾಟಕ್ಕೆ ಅದು ನಿಲ್ಲುವುದಿಲ್ಲ. ಟಾಪ್ ಲೋಡ್ ಆದರೆ ಮೇಲಿನ ಹಲಗೆ ಹೊಡೆಸುವ ಮುನ್ನ ಮುಚ್ಚಳ ಪೂರ್ತಿ ತೆರೆದು ಅಳತೆ ತೆಗೆಯಿರಿ.

ಮೆಷಿನ್ನಿಗೆ ನೀರು ನಿಧಾನವಾಗಿ ತುಂಬಿ ನಿಂತುಹೋಗುತ್ತಿದ್ದರೆ ಅದು ಮೆಷಿನ್ನಿನ ದೋಷವಲ್ಲದಿರಬಹುದು. ಟ್ಯಾಂಕು ನಲ್ಲಿಗಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್ ಮಾತ್ರ. ನಿಮ್ಮ ಮೆಷಿನ್ನಿನ ಪುಸ್ತಕದಲ್ಲಿ 0.3 ಬಾರ್ ಬೇಕೆಂದಿದ್ದರೆ ಟ್ಯಾಂಕು ಕನಿಷ್ಠ ಮೂರು ಮೀಟರ್ ಮೇಲಿರಬೇಕು. ಒಂದಂತಸ್ತಿನ ಮನೆಯ ತಾರಸಿಯ ಮೇಲೆ ನೇರವಾಗಿ ಇಟ್ಟ ಟ್ಯಾಂಕಿಗೆ ಸಣ್ಣ ಕಟ್ಟೆ ಕಟ್ಟಿ ಏರಿಸಿದರೆ ಸಮಸ್ಯೆ ತೀರುವುದುಂಟು.

ವಿದ್ಯುತ್ ಕೆಲಸದಲ್ಲಿ ಏನೇನು ನೋಡಬೇಕು? ಬಿಲ್ಲು ಏರುತ್ತದೆಯೇ?

ಒದ್ದೆ ಕೈ, ಒದ್ದೆ ನೆಲ, ವಿದ್ಯುತ್ತು ಮೂರೂ ಕೂಡುವ ಜಾಗವಿದು. ಹಾಲಿನಿಂದ ಉದ್ದನೆಯ ಎಕ್ಸ್‌ಟೆನ್ಷನ್ ವಯರು ಎಳೆದು ಮೆಷಿನ್ ಓಡಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. 16 ಆಂಪಿಯರ್‌ನ ಪ್ರತ್ಯೇಕ ಸಾಕೆಟ್ಟು, 2.5 ಚದರ ಮಿಲಿಮೀಟರ್‌ಗಿಂತ ಕಡಿಮೆಯಿಲ್ಲದ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ವಿದ್ಯುತ್ ಸೋರಿದ ಕ್ಷಣದಲ್ಲೇ ಲೈನು ಕಡಿದು ಜೀವ ಉಳಿಸುವುದು ಈ ಆರ್‌ಸಿಸಿಬಿ. ಮೈ ಮುಟ್ಟಿದಾಗ ಚುರ್ ಎನ್ನುವ ಮೆಷಿನ್ನನ್ನು ಚಪ್ಪಲಿ ಹಾಕಿಕೊಂಡು ಬಳಸುವ ಅಭ್ಯಾಸ ಬೇಡ, ಅರ್ಥಿಂಗ್ ಸರಿಯಾಗುವವರೆಗೆ ಅದನ್ನು ಮುಟ್ಟಲೇಬೇಡಿ. ಈ ಕೆಲಸಕ್ಕೆ ಲೈಸೆನ್ಸ್ ಇರುವವರನ್ನೇ ಕರೆಯಿರಿ.

ಬಿಲ್ಲಿನ ವಿಷಯದಲ್ಲಿ ಹಾಸನದ ಚೆಸ್ಕಾಂ ಗ್ರಾಹಕರಾದರೂ ಚಿಕ್ಕಮಗಳೂರಿನ ಮೆಸ್ಕಾಂ ಗ್ರಾಹಕರಾದರೂ ಲೆಕ್ಕ ಒಂದೇ. ತಣ್ಣೀರಿನಲ್ಲಿ ಒಗೆದರೆ ಖರ್ಚು ಅಲ್ಪ. ನೀರು ಕಾಯಿಸುವುದರಲ್ಲೇ ಯೂನಿಟ್ ಹೋಗುವುದು. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ಬೇಕು. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಯವರು ಬಿಸಿನೀರನ್ನು ಹಾಸಿಗೆ ಹೊದಿಕೆಗೂ ಕಾಯಿಲೆಯವರ ಬಟ್ಟೆಗೂ ಮೀಸಲಿಡಲಿ.

ಬಿಳಿ ಬಟ್ಟೆ ಕೆಂಪಾಗುತ್ತಿದೆ. ನೀರಿನ ದೋಷವೇ?

ಮಲೆನಾಡಿನ ಕೆಲವು ಬಾವಿ, ಬೋರುಗಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಟ್ಟ ನೀರಿನ ತಳದಲ್ಲಿ ಕೆಂಪು ಗಸಿ ಕಂಡರೆ ಅದೇ ಕಾರಣ. ಅಂತಹ ಬಟ್ಟೆಗೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ, ನಿಂಬೆಉಪ್ಪಿನ ನೀರಿನಲ್ಲಿ ನೆನೆಸಿ ನೋಡಿ. ಬಯಲುಸೀಮೆಯ ಬೋರಿನ ಗಡಸು ನೀರಿನದು ಬೇರೆ ಕಥೆ: ನೊರೆ ಬರುವುದಿಲ್ಲ, ಟವೆಲ್ಲು ಒರಟಾಗುತ್ತದೆ, ಮೆಷಿನ್ನಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಖಾಲಿ ಮೆಷಿನ್ನಿಗೆ ನಿಂಬೆಉಪ್ಪು ಹಾಕಿ ಬಿಸಿನೀರಿನಲ್ಲಿ ಓಡಿಸಿದರೆ ಪೊರೆ ಕರಗುತ್ತದೆ. ಅದೇ ಸಲ ಬ್ಲೀಚ್ ಬೆರೆಸಬಾರದು ಎಂದು ಮತ್ತೆ ಹೇಳುತ್ತೇನೆ.

ಬಟ್ಟೆ ಬುಟ್ಟಿ ಎಷ್ಟಿರಬೇಕು?

ಪೇಟೆಯ ಮನೆಗೆ ಎರಡು, ತೋಟದ ಮನೆಗೆ ಮೂರು. ಮೂರನೆಯದು ಮುಚ್ಚಳವಿರುವ ಬಕೆಟ್ಟು, ಔಷಧಿ ಹೊಡೆದು ಬಂದವರ ಬಟ್ಟೆಗೆ. ಕೀಟನಾಶಕ ತಗುಲಿದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಎಂದೂ ಸೇರಿಸಬಾರದು, ಪ್ರತ್ಯೇಕವಾಗಿ ಒಗೆದು ಆ ಜಾಗವನ್ನೂ ತೊಳೆಯಬೇಕು. ಅಡಿಕೆ ಗೊನೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವವರಿಗೆ ಅದಕ್ಕೆಂದೇ ಒಂದು ಜೊತೆ ಹಳೆಯ ಬಟ್ಟೆ ಇರಲಿ. ಅಡಿಕೆಯ ಚೊಗರಂತೂ ಒಮ್ಮೆ ಕೂತರೆ ಹೋಗುವುದಿಲ್ಲ, ಸುಲಿಯುವವರ ಬಟ್ಟೆಯನ್ನು ಬಿಳಿಯ ಹತ್ತಿರವೂ ಸುಳಿಸಬೇಡಿ. ಇಂಬಳ ಕಚ್ಚಿದ ರಕ್ತದ ಕಲೆಗೆ ತಣ್ಣೀರು ಮಾತ್ರ, ಬಿಸಿನೀರು ತಾಗಿದರೆ ಕಲೆ ನೂಲಿಗೆ ಹತ್ತಿಬಿಡುತ್ತದೆ.

ಹಲಗೆಗೆ ಯಾವ ಮರ ಅಗ್ಗ?

ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಹಗುರ, ಬೆಲೆಯೂ ಕಡಿಮೆ. ಆದರೆ ತೇವಕ್ಕೆ ಬಾಳುವ ಮರವಲ್ಲ. ನೀರು ಸಿಡಿಯದ ಎತ್ತರದಲ್ಲಿ, ಆರೂ ಮೈಗೆ ಬಣ್ಣ ಬಳಿದು, ಗೋಡೆಯಿಂದ ಅರ್ಧ ಅಂಗುಲ ಬಿಟ್ಟು ಕೂರಿಸಬೇಕು. ಕೆಳಗಿನ ಹಲಗೆಗೆ ಕಡಪ ಕಲ್ಲೇ ಸೂಕ್ತ.

ಬಾಡಿಗೆ ಮನೆಯಲ್ಲಿದ್ದೇವೆ. ಗೋಡೆ ಕೊರೆಯುವಂತಿಲ್ಲ.

ಮಡಚುವ ಬಟ್ಟೆ ಸ್ಟ್ಯಾಂಡು, ಅದರ ಎದುರಿಗೆ ಒಂದು ಟೇಬಲ್ ಫ್ಯಾನು, ಬಕೆಟ್ ಇಡಲು ಗಟ್ಟಿಯಾದ ಎತ್ತರದ ಸ್ಟೂಲು. ಮನೆ ಬಿಟ್ಟಾಗ ಮೂರೂ ನಿಮ್ಮೊಡನೆ ಬರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಮಾತ್ರ ಮಾಲೀಕರನ್ನು ಬಿಡದೆ ಕೇಳಿ, ಅದು ಅವರ ಹೊಣೆ.

ಒಗೆದ ನೀರನ್ನು ಹಿತ್ತಲ ಗಿಡಗಳಿಗೆ ಬಿಡಬಹುದೇ?

ಕೊನೆಯ ಜಾಲಿಸಿದ ನೀರನ್ನು ಬಾಳೆಗೆ, ತೆಂಗಿಗೆ ಬಿಡಬಹುದು. ಮೊದಲ ಸೋಪಿನ ನೀರು, ಬ್ಲೀಚ್ ಹಾಕಿದ ನೀರು, ಔಷಧಿ ಬಟ್ಟೆಯ ನೀರು ಬೇಡ. ಒಂದೇ ಬುಡಕ್ಕೆ ದಿನವೂ ಬಿಟ್ಟರೆ ಸೋಪಿನ ಉಪ್ಪು ಸೇರಿ ಮಣ್ಣು ಗಟ್ಟಿಯಾಗುತ್ತದೆ, ಪಾತಿ ಬದಲಿಸುತ್ತಿರಿ. ಸೊಪ್ಪು, ಕೊತ್ತಂಬರಿಯ ಮಡಿಗೆ ಬಾವಿಯ ನೀರೇ ಇರಲಿ. ಅಂಟುವಾಳದಲ್ಲಿ ರೇಷ್ಮೆ ಒಗೆಯುವವರ ನೀರು ಗಿಡಕ್ಕೂ ಮೃದು.

ಈ ಕೆಲಸಕ್ಕೆ ಯಾವ ತಿಂಗಳು ಒಳ್ಳೆಯದು?

ಫೆಬ್ರವರಿಯಿಂದ ಏಪ್ರಿಲ್. ಗೋಡೆಗಳು ಪೂರ್ತಿ ಒಣಗಿರುತ್ತವೆ. ಕಾಫಿ ಕೊಯ್ಲು ಮುಗಿದು ಕೂಲಿಯವರೂ ಸಿಗುತ್ತಾರೆ. ಗಾರೆಗೆ ಏಳು ದಿನ ನೀರುಣಿಸಬೇಕು, ಆಮೇಲೆ ಎರಡು ಮೂರು ವಾರ ಒಣಗಲು ಬಿಡಬೇಕು, ಆಮೇಲೆ ಸುಣ್ಣ. ಹೇಗೆ ಎಳೆದರೂ ಒಂದೂವರೆ ತಿಂಗಳು ಹಿಡಿಯುತ್ತದೆ. ಆದ್ದರಿಂದ ಯುಗಾದಿಯ ಹೊತ್ತಿಗೆ ನೆಲದ ಕೆಲಸ ಮುಗಿಸಿ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರಾ ಮಳೆ ಹಿಡಿಯುವುದರೊಳಗೆ ಫ್ಯಾನು ತಿರುಗುತ್ತಿರಲಿ, ಗಳ ಮೇಲೇರಿರಲಿ. ತಡವಾಗಿದ್ದರೆ ಈ ವರ್ಷ ಫ್ಯಾನು, ಗಳ, ಅರ್ಥಿಂಗ್ ಇಷ್ಟನ್ನೇ ಮಾಡಿಸಿ, ನೆಲ ಮತ್ತು ಗೋಡೆಯನ್ನು ಮುಂದಿನ ಫೆಬ್ರವರಿಗೆ ಇಟ್ಟುಕೊಳ್ಳಿ. ಕಲ್ಲಿನ ಎತ್ತರ ಸರಿಮಾಡಿಸುವುದಕ್ಕೆ ಮಾತ್ರ ಮುಹೂರ್ತ ಕಾಯಬೇಡಿ, ಅದನ್ನು ಬರುವ ಭಾನುವಾರವೇ ಮಾಡಿಸಬಹುದು.